ಮೂರು ಕೊಟೇಶನ್

ಶೈಲಜಾ ಮೂರು ಕೊಟೇಶನ್ ತರಿಸದೆ ಬದುಕಿನಲ್ಲಿ ಏನನ್ನೂ ಕೊಂಡವಳಲ್ಲ. ಗಂಡನೊಬ್ಬನನ್ನು ಮಾತ್ರ ಒಂದೇ ಕೊಟೇಶನ್ನಿನ ಮೇಲೆ ಒಪ್ಪಿಕೊಂಡುಬಿಟ್ಟೆ ಎಂದು ಅವಳೇ ನೆಂಟರ ಮುಂದೆ ನಗೆಯಾಡುತ್ತಿದ್ದಳು. ಕೇಂದ್ರ ಸರ್ಕಾರದ ಸಚಿವಾಲಯವೊಂದರ ಖರೀದಿ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ಕುರ್ಚಿ, ಕೂಲರ್, ಕಾಗದ, ಫಿನಾಯಿಲ್ ಕೊಳ್ಳುತ್ತಾ ಕೂತವಳಿಗೆ ಅದು ಮೈಗುಣವೇ ಆಗಿಹೋಗಿತ್ತು.

ಕ್ರಮ ಸರಳ. ಮೂರು ಕಡೆಯಿಂದ ದರ ಕೇಳಬೇಕು. ಮೂರನ್ನೂ ಒಂದು ಪಟ್ಟಿಯಲ್ಲಿ ಪಕ್ಕಪಕ್ಕ ಬರೆಯಬೇಕು. ಎಲ್ಲರಿಗಿಂತ ಕಡಿಮೆ ಹೇಳಿದವನಿಗೆ ಎಲ್-ಒನ್ ಅನ್ನುತ್ತಾರೆ, ಕೆಲಸ ಅವನಿಗೆ. ಇನ್ನಷ್ಟು ಇಳಿಸು ಎಂದು ಚೌಕಾಸಿ ಮಾಡುವುದಿದ್ದರೂ ಅವನೊಬ್ಬನ ಹತ್ತಿರವೇ ಮಾಡಬೇಕು. ಮಿಕ್ಕವರ ಜೊತೆ ಮಾತಿಗಿಳಿದರೆ ಆಡಿಟ್‌ನವರು ಕೊರಳಿಗೆ ಬೀಳುತ್ತಾರೆ. ಒಮ್ಮೆ ಎಲ್-ಒನ್ ಕುರ್ಚಿಯ ಕಾಲು ಮುರಿದು ಅಂಡರ್ ಸೆಕ್ರೆಟರಿಯೊಬ್ಬರು ಮೀಟಿಂಗಿನ ನಡುವೆ ದೊಪ್ಪನೆ ನೆಲಕ್ಕೆ ಕೂತರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮೂರು ವಾರ ಓಡಾಡಿದರು. ಫೈಲು ತರಿಸಿ ನೋಡಿದರೆ ಎಲ್ಲವೂ ಕ್ರಮಬದ್ಧ. ಶೈಲಜಾಳನ್ನು ಯಾರೂ ಏನೂ ಕೇಳಲಿಲ್ಲ.

ಗಂಡ ಸೋಮಶೇಖರ ಚಿತ್ರ ಬರೆಯುವವನು. ನೋಯ್ಡಾದ ಗೇಮ್ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷ ಮೊಬೈಲ್ ಆಟಗಳಿಗೆ ಮರ, ಮನೆ, ಕುದುರೆ, ರಾಕ್ಷಸರನ್ನು ಬರೆದುಕೊಟ್ಟಿದ್ದ. ಹೋದ ವರ್ಷ ಜೂನ್‌ನ ಒಂದು ಬೆಳಿಗ್ಗೆ, ಹತ್ತು ನಿಮಿಷದ ವಿಡಿಯೋ ಕಾಲ್‌ನಲ್ಲಿ ಇಪ್ಪತ್ತಾರು ಜನರನ್ನು ಕೆಲಸದಿಂದ ತೆಗೆದರು. ಇನ್ನು ಮೇಲೆ ಚಿತ್ರಗಳನ್ನು ಕಂಪ್ಯೂಟರೇ ಬರೆಯುತ್ತದಂತೆ. ಆವತ್ತು ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಫ್ಲ್ಯಾಟಿನ ಮುಂದಿನ ಕೋಣೆಯಲ್ಲಿ ದಿವಾನಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವನು ಏಳಲಿಲ್ಲ. ಊಟಕ್ಕೆ ಏಳುತ್ತಿದ್ದ, ಸ್ನಾನಕ್ಕೆ ಏಳುತ್ತಿದ್ದ, ಮತ್ತೆ ಹೋಗಿ ಮಲಗುತ್ತಿದ್ದ. ಶೈಲಜಾ ಬೈದಳು, ರಮಿಸಿದಳು, ಕೊನೆಗೆ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಏನಾದರೂ ಕೆಲಸದಲ್ಲಿ ತೊಡಗಿಸಿ ಅಂದರು. ತೊಡಗಲು ಕೆಲಸವೇ ಇದ್ದಿದ್ದರೆ ಈ ಮನುಷ್ಯ ಮಲಗುತ್ತಿದ್ದನೇ ಎಂದು ಅವಳಿಗೆ ಡಾಕ್ಟರ ಮೇಲೂ ಸಿಟ್ಟು ಬಂತು.

ಕೊನೆಗೆ ಅವನನ್ನು ಎಬ್ಬಿಸಿದ್ದು ಚೌಕಾಬಾರ. ದಸರೆಗೆ ಬೊಂಬೆಯ ಟ್ರಂಕು ಇಳಿಸಿದಾಗ ಅದರ ತಳದಲ್ಲಿ ಶೈಲಜಾಳ ತವರಿನ ಚೌಕಾಬಾರದ ಹಾಸು ಮತ್ತು ನಾಲ್ಕು ಕವಡೆ ಸಿಕ್ಕವು. ಹನ್ನೆರಡನೇ ಕ್ಲಾಸು ಓದುತ್ತಿದ್ದ ಮಗಳು ಪ್ರೇರಣಾ ಹಟ ಮಾಡಿ ಅಪ್ಪನನ್ನೂ ಎಳೆದು ನೆಲಕ್ಕೆ ಕೂರಿಸಿದಳು. ಇಪ್ಪತ್ತೈದು ಮನೆ, ತಲೆಗೆ ನಾಲ್ಕು ಕಾಯಿ. ಕವಡೆ ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ನಾಲ್ಕೋ ಎಂಟೋ ಬಿದ್ದವರಿಗೆ ಇನ್ನೊಂದು ಸಲ ಕವಡೆ ಹಾಕುವ ಭಾಗ್ಯ. ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿ ಹಣ್ಣಾದಂತೆ. ಪ್ರೇರಣಾಗೆ ಎರಡು ಸಲ ಎಂಟು ಬಿದ್ದು ಅವಳು ಕುಣಿದಾಡಿದಾಗ ಸೋಮಶೇಖರ ಕವಡೆಗಳನ್ನು ಕಿತ್ತುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದನ್ನ ಫೋನಿಗೆ ತರ್ಬೋದು ಕಣೇ ಶೈಲಾ,” ಅಂದ. “ಮೈಸೂರಲ್ಲಿರೋ ನಿಮ್ಮಕ್ಕ, ಇಲ್ಲಿರೋ ನೀನು, ಇನ್ನೆಲ್ಲೋ ಇರೋ ಇನ್ನಿಬ್ರು, ಎಲ್ಲಾ ಒಂದೇ ಹಾಸಿನ ಸುತ್ತ ಕೂತ್ಕೊಂಡು ಆಡ್ದಂಗೆ ಮಾಡ್ಬೋದು.”

ನಾಲ್ಕು ತಿಂಗಳಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಶೈಲಜಾ ಅಡುಗೆಮನೆಗೆ ಹೋಗಿ ದೇವರ ಪಟಕ್ಕೆ ಕೈಮುಗಿದು ಬಂದಳು.

ಮರುದಿನದಿಂದ ದಿವಾನು ಖಾಲಿ. ಒಂದು ಕವಡೆಯ ಚಿತ್ರಕ್ಕೆ ಎರಡು ದಿನ ತೆಗೆದುಕೊಂಡ. ಅದರ ಬೆನ್ನಿನ ಹಳದಿ, ಬಾಯಿಯ ಹಲ್ಲು, ಅಂಚಿನಲ್ಲಿ ತವರಿನವರ ಬೆರಳು ತಾಗಿ ತಾಗಿ ಸವೆದ ಹೊಳಪು, ಯಾವುದನ್ನೂ ಬಿಡಲಿಲ್ಲ. ಹೊರಗಿನ ಹಾರ್ನುಗಳ ಸದ್ದು ಸೇರದಿರಲೆಂದು ಮಟಮಟ ಮಧ್ಯಾಹ್ನ ರಜಾಯಿಯೊಳಗೆ ಹೊಕ್ಕು ಮಗಳ ಫೋನಿನಲ್ಲಿ ಕವಡೆ ಬೀಳುವ ಸದ್ದು ಹಿಡಿದ. ಮರದ ಮೇಲೆ ಬಿದ್ದದ್ದು, ಗಾರೆಯ ಮೇಲೆ ಬಿದ್ದದ್ದು, ಜಮಖಾನದ ಮೇಲೆ ಬಿದ್ದದ್ದು, ಒಟ್ಟು ನಲವತ್ತು ಸದ್ದು. ಹಳೆಯ ಸಹೋದ್ಯೋಗಿಗಳನ್ನು ಕೇಳಿ ಕೇಳಿ, ತನಗೆ ಬರುವ ಅರೆಬರೆ ವಿದ್ಯೆಯನ್ನೂ ಸೇರಿಸಿ, ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸುತ್ತಾ ಆಡುವಷ್ಟರ ಮಟ್ಟಿಗೆ ಆಟವನ್ನು ಕಟ್ಟಿ ನಿಲ್ಲಿಸಿದ. ದೀಪಾವಳಿಯ ದಿನ ಗಡ್ಡ ಬೋಳಿಸಿಕೊಂಡು ಹೊಸ ಅಂಗಿ ಹಾಕಿಕೊಂಡವನನ್ನು ಕಂಡು ಶೈಲಜಾಳಿಗೆ ಕಳೆದುಹೋದ ಗಂಡ ಮನೆಗೆ ಬಂದ ಹಾಗಾಯಿತು. ಈ ಆಟ ಗೆದ್ದರೆ ಇವನು ಉಳಿದ, ಬಿದ್ದರೆ ಇವನೂ ಬಿದ್ದ, ಮತ್ತೆ ಏಳಿಸುವುದು ನನ್ನಿಂದಾಗದು ಎಂಬುದು ಅವಳಿಗೆ ಆಗಲೇ ಗೊತ್ತಿತ್ತು.

ಆದರೆ ಬೇರೆ ಬೇರೆ ಊರಿನ ನಾಲ್ಕು ಫೋನುಗಳು ಒಂದೇ ಆಟ ಆಡಬೇಕಾದರೆ ಅವುಗಳ ನಡುವೆ ಒಂದು ಸರ್ವರ್ ಇರಬೇಕು. ಅದನ್ನು ಕಟ್ಟುವ ವಿದ್ಯೆ ಸೋಮಶೇಖರನದಲ್ಲ. ಅದಕ್ಕೊಬ್ಬ ಡೆವಲಪರ್ ಬೇಕು.

“ಸಂಬಳದಲ್ಲಿ ಹಿಡಿದಿರೋ ನನ್ನ ಜಿಪಿಎಫ್‌ನಿಂದ ನಾಲ್ಕು ಲಕ್ಷ ತೆಗೀಬೋದು,” ಅಂದಳು ಶೈಲಜಾ. “ಪ್ರೇರಣಾ ಕಾಲೇಜಿಗೆ ಅಂತ ಇಟ್ಟಿದ್ದು. ತೆಗೀತೀನಿ. ಆದ್ರೆ ಮೂರು ಕೊಟೇಶನ್ ತರ್ಸಿ.”

ಮೊದಲನೆಯದು ಗುರುಗ್ರಾಮದ ಕಂಪನಿಯೊಂದರಿಂದ ಬಂತು. ನಲವತ್ತು ಪುಟದ ಬಣ್ಣಬಣ್ಣದ ಪುಸ್ತಕ, ಕೊನೆಯ ಪುಟದಲ್ಲಿ ಹತ್ತೊಂಬತ್ತು ಲಕ್ಷ. ಅದನ್ನು ನೋಡಿ ಗಂಡಹೆಂಡಿರು ಮನಸಾರೆ ನಕ್ಕರು.

ಎರಡನೆಯದು ಧಾರಿಣಿಯದು. ತುಮಕೂರಿನ ಕಡೆಯ ಹೆಣ್ಣುಮಗಳು, ನೋಯ್ಡಾದಲ್ಲಿ ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವಳು, ಈಗ ಮನೆಯಿಂದಲೇ ಸ್ವಂತವಾಗಿ ಮಾಡುತ್ತಿದ್ದಳು. ಒಂದು ಶನಿವಾರ ಇಬ್ಬರೂ ಮೆಟ್ರೋ ಹಿಡಿದು ಅವಳ ಮನೆಗೆ ಹೊರಟರು. ದಾರಿಯಲ್ಲಿ ಶೈಲಜಾ ಗಂಡನಿಗೆ ಪಾಠ ಹೇಳಿಕೊಟ್ಟಳು: “ನಮ್ಮ ಕೈಲೆಷ್ಟಿದೆ ಅಂತ ಬಾಯಿ ಬಿಡ್ಬೇಡಿ. ಬಜೆಟ್ ಹೇಳಿದ್ರೆ ದರ ಅಲ್ಲಿಗೇ ಏರುತ್ತೆ.”

ಧಾರಿಣಿ ಕಾಫಿ ಕೊಟ್ಟು, ಆಟವನ್ನು ಪೂರ್ತಿ ಆಡಿ ನೋಡಿದಳು. ಕವಡೆಯ ಸದ್ದು ಕೇಳಿ ಮುಖ ಅರಳಿಸಿದಳು. ಆಮೇಲೆ, “ಆರು ಲಕ್ಷ ಆಗುತ್ತೆ ಸರ್, ನಾಲ್ಕು ತಿಂಗ್ಳು,” ಅಂದಳು. “ಅದ್ರಲ್ಲಿ ಅರ್ಧ ಕೆಲಸ ಕವಡೇದೇ. ಕವಡೇನ ಆಡೋರ ಫೋನಲ್ಲಿ ಹಾಕಿಸ್ಬಾರ್ದು. ಸರ್ವರೇ ಹಾಕಿ, ಇಷ್ಟು ಬಿತ್ತು ಅಂತ ಎಲ್ರಿಗೂ ಹೇಳ್ಬೇಕು.”

“ಚೌಕಾಬಾರದಲ್ಲಿ ಆಡೋರೇ ತಾನೇ ಕವಡೆ ಹಾಕೋದು?” ಶೈಲಜಾ ಕೇಳಿದಳು.

“ಅಲ್ಲಿ ಸುತ್ತ ಕೂತು ನೋಡೋರು ಇರ್ತಾರಲ್ಲ ಮೇಡಂ. ಇಲ್ಲಿ ನೋಡೋರು ಯಾರು? ಆ ನೋಡೋ ಕಣ್ಣಿಗೇ ನಾನು ದುಡ್ಡು ಕೇಳ್ತಿರೋದು.”

ಸೋಮಶೇಖರ ಆ ಮಾತನ್ನು ತನ್ನ ಪುಟ್ಟ ನೋಟುಪುಸ್ತಕದಲ್ಲಿ ಬರೆದುಕೊಂಡ. ಶೈಲಜಾ ಆರು ಲಕ್ಷ ಅನ್ನುವುದನ್ನಷ್ಟೇ ತಲೆಯಲ್ಲಿ ಬರೆದುಕೊಂಡಳು.

ಮೂರನೆಯವನು ಅನೀಶ್. ದಕ್ಷಿಣ ದೆಹಲಿಯ ಸಂಸ್ಥೆಯೊಂದರಲ್ಲಿ ಎಂ.ಟೆಕ್ ಓದುತ್ತಿದ್ದ ದಾವಣಗೆರೆಯವನು. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವನಾಗಿ ಪರಿಚಯವಾಗಿದ್ದ. ಬಿಡುವಿನಲ್ಲಿ ಮಾಡಿಕೊಡುತ್ತೇನೆ, ಒಂದು ಮುಕ್ಕಾಲು ಲಕ್ಷ ಕೊಡಿ ಎಂದು ವಾಟ್ಸ್ಯಾಪ್‌ನಲ್ಲಿ ಎರಡು ಸಾಲು ಕಳಿಸಿದ್ದ. ಅದೂ ಕೊಟೇಶನ್ನೇ.

ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆ ಎತ್ತಿ, ಶೈಲಜಾ ಊಟದ ಮೇಜಿನ ಮೇಲೆ ಬಿಳಿ ಹಾಳೆ ಹರಡಿದಳು. ಸ್ಕೇಲಿಟ್ಟು ಗೆರೆ ಎಳೆದಳು. ಹೆಸರು, ದರ, ಅವಧಿ, ಷರಾ. ಷರಾದ ಕಾಲಂನಲ್ಲಿ ಸೋಮಶೇಖರ ಧಾರಿಣಿಯ ಹೆಸರಿನ ಮುಂದೆ ‘ಕವಡೆ ಸರ್ವರ್‌ನಲ್ಲಿ’ ಎಂದು ಬರೆದ. ಅವಳು ಅದರ ಮೇಲೆ ನೀಟಾಗಿ ಒಂದು ಗೆರೆ ಎಳೆದಳು.

“ಅದ್ಯಾಕೆ ಹೊಡೀತೀಯಾ?”

“ದರಕ್ಕೆ ಸಂಬಂಧ ಇಲ್ಲದ್ದು. ಮೂರು ಜನಕ್ಕೂ ಕೇಳಿದ್ದು ಒಂದೇ ತಾನೇ, ಆಟ ಆಡೋ ಸರ್ವರ್?”

“ನಂಗೆ ಆ ಹುಡುಗೀನೇ ಸರಿ ಅನ್ಸುತ್ತೆ ಶೈಲಾ.”

“ಅನ್ಸೋದಕ್ಕೆ ಕಾಲಂ ಇಲ್ಲ ರೀ,” ಅಂದಳು ಅವಳು, ನಗುತ್ತಾ. ತನ್ನ ಮಾತು ತನಗೇ ಚೆನ್ನಾಗಿ ಕಂಡಿತು. ಸೋಮಶೇಖರನೂ ನಕ್ಕ. ದುಡ್ಡು ಹೆಂಡತಿಯದು, ಆರು ತಿಂಗಳಿಂದ ಅನ್ನ ಹೆಂಡತಿಯದು. ಅವನು ಎರಡನೇ ಸಲ ಹೇಳಲಿಲ್ಲ.

ಕ್ರಮದ ಪ್ರಕಾರ ಇನ್ನೊಂದು ಕೆಲಸ ಬಾಕಿಯಿತ್ತು. ಎಲ್-ಒನ್ ಜೊತೆ ಚೌಕಾಸಿ. ಮುಂದಿನ ಭಾನುವಾರ ಅನೀಶನನ್ನು ಊಟಕ್ಕೆ ಕರೆದರು. ಹಾಸ್ಟೆಲಿನ ರಾಜ್ಮಾ ತಿಂದು ನಾಲಿಗೆ ಸತ್ತುಹೋಗಿದ್ದ ಹುಡುಗ ಬಿಸಿಬೇಳೆಬಾತನ್ನು ಮೂರು ಸಲ ಹಾಕಿಸಿಕೊಂಡ. ಮೂರನೇ ಸಲ ತುಪ್ಪ ಬಡಿಸುತ್ತಾ ಶೈಲಜಾ, “ನಮ್ಮೋನು ನೀನು, ಒಂದೂವರೆಗೆ ಮಾಡ್ಕೊಡಪ್ಪಾ,” ಅಂದಳು. ಕೈ ತಟ್ಟೆಯಲ್ಲಿ, ಬಾಯಿ ತುಂಬಾ ಅನ್ನ; ಇಲ್ಲ ಅನ್ನುವುದಾದರೂ ಹೇಗೆ?

“ಅಕ್ಕಾ, ಅಷ್ಟಕ್ಕೆ ಎಲ್ಲಾ ಮಾಡಕ್ಕಾಗಲ್ಲ. ಕೆಲವೊಂದು ಬಿಡ್ಬೇಕಾಗುತ್ತೆ.”

“ಅಷ್ಟರಲ್ಲಿ ಎಷ್ಟಾಗುತ್ತೋ ನೋಡಿ ಮುಗ್ಸು. ಆಟ ಆಡಿದ್ರೆ ಆಯ್ತು.”

ಇಪ್ಪತ್ತೈದು ಸಾವಿರ ಉಳಿಯಿತು. ಆ ವಾರವೆಲ್ಲ ಅವಳು ಆಫೀಸಿನಲ್ಲಿ ಹೊಸ ಹುಮ್ಮಸ್ಸಿನಿಂದ ಓಡಾಡಿದಳು.

ಸಂಕ್ರಾಂತಿಯ ಭಾನುವಾರ ಆಟ ಬಿಡುಗಡೆಯಾಯಿತು. ದೆಹಲಿ, ನೋಯ್ಡಾ, ಗುರುಗ್ರಾಮದ ಕನ್ನಡಿಗರ ವಾಟ್ಸ್ಯಾಪ್ ಗುಂಪುಗಳಲ್ಲಿ ಸುದ್ದಿ ಹರಿದಾಡಿತು. ಅವರಿಂದ ಊರಿನವರಿಗೆ, ಊರಿನವರಿಂದ ದುಬೈ ಸೇರಿದ ಭಾವಮೈದುನರಿಗೆ ಹಬ್ಬಿತು. ಎಂಟು ದಿನಕ್ಕೆ ಎರಡು ಸಾವಿರದ ಮುನ್ನೂರು ಜನ. ಮಯೂರ್ ವಿಹಾರದ ಅಜ್ಜಿಯೊಬ್ಬರು ಫೋನ್ ಮಾಡಿ, ಹುಬ್ಬಳ್ಳಿಯಲ್ಲಿರೋ ನನ್ನ ತಂಗಿ ಜೊತೆ ನಲವತ್ತು ವರ್ಷ ಆದಮೇಲೆ ಆಡಿದೆ ಕಣಪ್ಪಾ, ಕವಡೆ ಸದ್ದು ಥೇಟ್ ನಮ್ಮನೇದೇ ಎಂದು ಅತ್ತರು. ಸೋಮಶೇಖರ ಆ ಫೋನನ್ನು ಸ್ಪೀಕರಿಗೆ ಹಾಕಿ ಹೆಂಡತಿ ಮಗಳಿಗೆ ಕೇಳಿಸಿದ. ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ. ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಿ ತೊಟ್ಟು, ಆಫೀಸಿಗೆ ಹೋಗುವವನಂತೆ ಮೇಜಿನ ಮುಂದೆ ಕೂರುತ್ತಿದ್ದ. ಶೈಲಜಾ ಹೊರಡುವಾಗ, “ಸಂಜೆ ಬೇಗ ಬಾ, ಎಷ್ಟು ಜನ ಬಂದ್ರು ತೋರಿಸ್ತೀನಿ,” ಅನ್ನುತ್ತಿದ್ದ. ಅವಳು ನಿಜವಾಗಿಯೂ ಬೇಗ ಬರುತ್ತಿದ್ದಳು.

ಹತ್ತನೇ ದಿನದ ಸಂಜೆ ಪ್ರೇರಣಾ ಫೋನು ಹಿಡಿದು ಅಡುಗೆಮನೆಗೆ ಬಂದಳು.

“ಅಮ್ಮಾ, ಯೇ ದೇಖೋ. ಎಲ್ಲಾರೂ ಚೀಟಿಂಗ್ ಗೇಮ್, ಚೀಟಿಂಗ್ ಗೇಮ್ ಅಂತ ಬರೀತಿದಾರೆ. ಅಪ್ಪಂಗೆ ಬತಾವೂಂ ಕ್ಯಾ?”

ಹೇಳುವ ಅಗತ್ಯವಿರಲಿಲ್ಲ. ಮುಂದಿನ ಕೋಣೆಯಲ್ಲಿ ಅವನು ಆಗಲೇ ಲ್ಯಾಪ್‌ಟಾಪಿನಲ್ಲಿ ಯಾರದೋ ಆಟವನ್ನು ನೋಡುತ್ತಾ ಕೂತಿದ್ದ. ಒಬ್ಬನಿಗೆ ಎಂಟು ಬಿತ್ತು. ಮತ್ತೆ ಎಂಟು. ಮತ್ತೆ ಎಂಟು. ಹನ್ನೊಂದು ಸಲ ಎಂಟು ಬಿದ್ದು ಅವನ ಕಾಯಿಗಳು ಒಂದರ ಹಿಂದೊಂದು ಹಣ್ಣಾದವು. ಎದುರಿನ ಮೂವರಿಗೆ ಒಂದು ಸಲವೂ ಕವಡೆ ಮುಟ್ಟುವ ಅವಕಾಶ ಸಿಗಲಿಲ್ಲ. ಮೂವರೂ ಎದ್ದು ಹೋದರು. ಯಾವನೋ ಒಬ್ಬ ಈ ಆಟದಲ್ಲಿ ಬೇಕಾದ ಗರ ಬೀಳಿಸುವುದು ಹೇಗೆ ಎಂದು ವಿಡಿಯೋ ಮಾಡಿ ಹಾಕಿದ್ದ. ನೂರಾರು ಜನ ಅದನ್ನು ನೋಡಿ ಕಲಿತಿದ್ದರು. ಕವಡೆ ಬೀಳುತ್ತಿದ್ದದ್ದು ಆಡುವವರ ಫೋನಿನಲ್ಲಿ. ಫೋನು ಎಂಟು ಬಿತ್ತು ಅಂದರೆ ಅನೀಶನ ಸರ್ವರ್ ಹೌದಪ್ಪಾ ಅಂತ ಬರೆದುಕೊಳ್ಳುತ್ತಿತ್ತು. ಪರೀಕ್ಷೆ ಬರೆದವನ ಕೈಗೇ ಮಾರ್ಕ್ಸ್ ಪಟ್ಟಿ ತುಂಬಲು ಕೊಟ್ಟ ಹಾಗೆ.

ಶೈಲಜಾ ಅನೀಶನಿಗೆ ಫೋನ್ ಹಚ್ಚಿದಳು. ಅವನು ಹೈದರಾಬಾದಿನಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ಆದರೂ ಫೋನ್ ಎತ್ತಿದ; ಕೆಟ್ಟ ಹುಡುಗನಾಗಿದ್ದರೆ ಎತ್ತುತ್ತಿರಲಿಲ್ಲ.

“ಗರ ಸರ್ವರ್‌ನಲ್ಲಿ ಹಾಕ್ಸೋಕೆ ಇನ್ನೂ ಎರಡು ತಿಂಗ್ಳ ಕೆಲಸ ಇತ್ತಕ್ಕಾ. ಕೆಲವೊಂದು ಬಿಡ್ಬೇಕಾಗುತ್ತೆ ಅಂದಿದ್ನಲ್ಲ.”

“ಬಿಡೋದು ಇದನ್ನೇ ಅಂತ ಹೇಳ್ಬಾರ್ದಿತ್ತೇನೋ?”

“ನೀವು ಕೇಳ್ಲಿಲ್ಲಕ್ಕಾ.” ಆಮೇಲೆ ತಾನಾಗಿಯೇ, “ಬೇಕಾದ್ರೆ ಐವತ್ತು ಸಾವ್ರ ವಾಪಸ್ ಕಳಿಸ್ತೀನಿ, ಮೊದಲ್ನೇ ಸಂಬಳ ಬರ್ಲಿ,” ಅಂದ.

ಕಾಸಿಗೆ ತಕ್ಕ ಕಜ್ಜಾಯ. ಕಾಸು ಕಡಿಮೆ ಮಾಡಿದ್ದು ತಾನು, ಅದೂ ತುಪ್ಪದ ಮಿಳ್ಳೆ ಕೈಯಲ್ಲಿ ಹಿಡಿದುಕೊಂಡು. ದುಡ್ಡೇನೂ ಬೇಡ, ಚೆನ್ನಾಗಿರಪ್ಪ ಅಂದು ಫೋನಿಟ್ಟಳು.

ಫೆಬ್ರವರಿಯ ಮೊದಲ ವಾರ ಗಂಡನಿಗೆ ಹೇಳದೆ ಅರ್ಧ ದಿನ ರಜೆ ಹಾಕಿ ನೋಯ್ಡಾಕ್ಕೆ ಹೋದಳು. ಧಾರಿಣಿ ಈ ಸಲವೂ ಕಾಫಿ ಕೊಟ್ಟಳು. ಶೈಲಜಾ ಎಲ್ಲ ಹೇಳಿಕೊಂಡು, “ಇದ್ದ ನಾಲ್ಕರಲ್ಲಿ ಈಗ ಎರಡೂವರೆ ಲಕ್ಷ ಉಳಿದಿದೆ, ಮಿಕ್ಕಿದ್ದು ಎಲ್ಲಿಂದಾದ್ರೂ ತರ್ತೀನಿ. ಸರಿ ಮಾಡ್ಕೊಡಿ,” ಅಂದಳು. ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ದರ ಹೇಳುವವರ ಮುಂದೆ ಅವಳು ಕೈಲಿರುವುದನ್ನು ಹೇಳಿದ್ದು ಅದೇ ಮೊದಲು.

ಧಾರಿಣಿ ಲೋಟ ಕೆಳಗಿಟ್ಟಳು. “ನಿಮ್ಮ ಹತ್ರ ನಾಲ್ಕು ಇತ್ತಾ ಮೇಡಂ?”

“ಹೂಂ.”

“ಆವತ್ತೇ ಹೇಳಿದ್ರೆ ನಾಲ್ಕಕ್ಕೆ ಆಗೋಷ್ಟು ಮಾಡ್ಕೊಡ್ತಿದ್ದೆ. ಬಣ್ಣ ಬೆಡಗು ಕಡಿಮೆ ಇರ್ತಿತ್ತು, ಒಂದೇ ಸಲಕ್ಕೆ ಆಡೋರ ಸಂಖ್ಯೆ ಕಡಿಮೆ ಇರ್ತಿತ್ತು. ಕವಡೆ ಮಾತ್ರ ಸರ್ವರ್‌ನಲ್ಲೇ ಬೀಳ್ತಿತ್ತು. ಸರ್ ಮಾಡಿರೋ ಆ ಕವಡೆ ನೋಡಿದ್ಮೇಲೆ ನಂಗೂ ಮಾಡ್ಬೇಕು ಅಂತ ಆಸೆ ಇತ್ತು. ನೀವು ಒಂದು ಮಾತೂ ಕೇಳ್ಲಿಲ್ಲ.”

ನಿಮ್ಮ ಜೊತೆ ಮಾತಾಡುವ ಹಾಗಿರಲಿಲ್ಲ, ಚೌಕಾಸಿ ಎಲ್-ಒನ್ ಜೊತೆ ಮಾತ್ರ ಎಂಬ ಮಾತು ಶೈಲಜಾಳ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಆ ಹುಡುಗಿಗೆ ಅರ್ಥವಾಗುತ್ತಿತ್ತೇ? ತನಗೇ ಈಗ ಅರ್ಥವಾಗುತ್ತಿರಲಿಲ್ಲ. ಸ್ವಂತ ಮನೆಯ ಊಟದ ಮೇಜಿನ ಮೇಲೆ ಯಾವ ಆಡಿಟರು ಬಂದು ಕೂತಿದ್ದ?

“ಈಗ ಮಾಡ್ಕೊಡಿ,” ಅಂದಳು ಮತ್ತೆ.

“ಮಾಡ್ಬೋದು. ದುಡ್ಡೂ ತಗೋಬೋದು. ಆದ್ರೆ ಯಾರು ಬರ್ತಾರೆ ಮೇಡಂ? ಮೋಸದ ಆಟ ಅಂತ ಒಂದ್ಸಲ ಹೆಸರು ಬಿದ್ಮೇಲೆ ಹೋದೋರು ತಿರುಗಿ ನೋಡಲ್ಲ. ನಿಮ್ಮ ಮಗಳ ಕಾಲೇಜಿನ ದುಡ್ಡು ಅಂತೀರಾ. ನಾನು ತಗೊಳ್ಳಲ್ಲ.”

ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತು. ಯಮುನೆ ದಾಟುವಾಗ ಶೈಲಜಾ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಪಕ್ಕದಲ್ಲಿದ್ದ ಹೆಂಗಸು ನೀರಿನ ಬಾಟಲಿ ಚಾಚಿದಳು. ಯಾರಾದರೂ ಸತ್ತರೆ ಹೀಗೆ ಅಳಬೇಕು ಅಂದುಕೊಂಡಳು ಶೈಲಜಾ. ಸತ್ತದ್ದೇನು ಅಂತ ಕೇಳಿದರೆ ಹೇಳಿಕೊಳ್ಳುವುದಕ್ಕೂ ಆಗದು.

ಮಾರ್ಚ್ ಮೂವತ್ತೊಂದಕ್ಕೆ ಸೋಮಶೇಖರ ಸರ್ವರ್ ನಿಲ್ಲಿಸಿದ. ಅವಳ ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ದಿನ; ಅವಳು ಮನೆಗೆ ಬಂದಾಗ ಏಳು ಗಂಟೆಯಾಗಿತ್ತು. ಅವನು ಗುಂಡಿಯೊತ್ತಲು ಅವಳಿಗಾಗಿ ಕಾದಿದ್ದ. ಇಡೀ ಆಟದಲ್ಲಿ ಉಳಿದಿದ್ದವರು ನಾಲ್ವರು, ಎಲ್ಲೋ ಕೂತು ಒಂದೇ ಹಾಸಿನ ಮೇಲೆ ಆಡುತ್ತಿದ್ದರು.

“ಪಾಪ, ಅವರ ಆಟ ಮುಗೀಲಿ,” ಅಂದ.

ಹೆಚ್ಚು ಕಾಯಬೇಕಾಗಲಿಲ್ಲ. ನಾಲ್ವರೂ ಆ ವಿಡಿಯೋ ನೋಡಿ ಕಲಿತವರೇ. ಮೊದಲು ಕೈ ಹಾಕಿದವನಿಗೆ ಎಂಟರ ಮೇಲೆ ಎಂಟು ಬಿದ್ದು ಎರಡು ನಿಮಿಷದಲ್ಲಿ ನಾಲ್ಕು ಕಾಯಿಯೂ ಹಣ್ಣಾದವು. ಪ್ರತಿ ಸಲವೂ ಕವಡೆ ಸದ್ದು ಮಾಡಿತು, ರಜಾಯಿಯೊಳಗೆ ಹಿಡಿದ ಆ ನಲವತ್ತರಲ್ಲಿ ಒಂದು. ಸೋಮಶೇಖರ ಗುಂಡಿಯೊತ್ತಿ, ಲ್ಯಾಪ್‌ಟಾಪ್ ಮುಚ್ಚಿ, ಹೋಗಿ ದಿವಾನಿನ ಮೇಲೆ ಮಲಗಿದ. ಗೋಡೆಗೆ ಮುಖ.

ಏಪ್ರಿಲ್ ಪೂರ್ತಿ ಹಾಗೇ ಕಳೆಯಿತು. ಅವನು ಒಂದು ದಿನವೂ ಅವಳನ್ನು ದೂರಲಿಲ್ಲ. ದೂರಿದ್ದರೆ ಅವಳು ಎದುರು ಮಾತಾಡಿ, ಜಗಳವಾಡಿ, ಅತ್ತು ಹಗುರಾಗುತ್ತಿದ್ದಳು. ಒಂದು ಸಂಜೆ ತಾನಾಗಿಯೇ ದಿವಾನಿನ ಅಂಚಿಗೆ ಕೂತು, “ನಾನೇ ಹಾಳು ಮಾಡ್ದೆ ರೀ. ನೀವು ಬರ್ದಿದ್ದನ್ನ ನಾನೇ ಹೊಡೆದುಹಾಕ್ದೆ,” ಅಂದಳು.

“ನಿಂದೇನು ತಪ್ಪು? ಕ್ರಮದ ಪ್ರಕಾರ ಮಾಡ್ದೆ,” ಅಂದ ಅವನು ಗೋಡೆಗೇ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿಗೂ ಸ್ವಲ್ಪ ಜೀವ ಬೇಕಾಗುತ್ತದೆ.

ಮೇ ತಿಂಗಳ ಎರಡನೇ ಭಾನುವಾರ ಅವಳು ತರಕಾರಿ ತಂದು ಬಾಗಿಲು ತೆರೆದರೆ ಅವನು ಮೇಜಿನ ಮುಂದೆ ಕೂತಿದ್ದ. ಕೂಲರ್ ಗೊರಗೊರ ಅನ್ನುತ್ತಿತ್ತು. ಎದ್ದನಲ್ಲಾ, ದೇವರೇ, ಎದ್ದನಲ್ಲಾ.

“ಬಾ ಶೈಲಾ, ಒಂದು ಸಹಾಯ ಬೇಕು,” ಅಂದ. “ಪ್ರೇರಣಾ ತೋರಿಸ್ಕೊಟ್ಲು. ಚಿತ್ರ ಬರ್ಕೊಡೋರು ಬೇಕು ಅಂತ ಇಲ್ಲಿ ಹಾಕ್ತಾರೆ. ನಾವು ದರ ಬರೀಬೇಕು.”

ಮಕ್ಕಳ ಆಟವೊಂದಕ್ಕೆ ಅರವತ್ತು ಚಿತ್ರ ಬೇಕಾಗಿತ್ತು. ಹಣ್ಣು, ಹಕ್ಕಿ, ಬಂಡಿ. ಕೆಳಗೆ ದರ ಹೇಳಿದವರ ಸಾಲು; ಎಲ್ಲೆಲ್ಲಿಯವರೋ ನಲವತ್ತೆಂಟು ಜನ. ಎಲ್ಲರಿಗಿಂತ ಕಡಿಮೆ ಎರಡು ಸಾವಿರದ ನಾನೂರು ರೂಪಾಯಿ.

“ಎಷ್ಟು ಬರೀಲಿ? ನೀನೇ ಹೇಳು. ನಿಂಗೆ ಗೊತ್ತಿರೋ ವಿಷ್ಯ,” ಅಂದ. ಮುಖದಲ್ಲಿ ವ್ಯಂಗ್ಯವಿಲ್ಲ, ಸಿಟ್ಟಿಲ್ಲ. ನಿಜವಾಗಿ ತಿಳಿಯದವನೊಬ್ಬ ತಿಳಿದವರನ್ನು ಕೇಳುವಂತೆ ಕೇಳಿದ.

ಶೈಲಜಾಳ ಕಣ್ಣಿಗೆ ಕಂಡದ್ದು ಒಂದು ಕವಡೆಗೆ ಎರಡು ದಿನ ತೆಗೆದುಕೊಂಡ ಅದೇ ಬೆರಳುಗಳು. ಒಂದು ಲಕ್ಷ ಅನ್ನಿ, ಎರಡು ಲಕ್ಷ ಅನ್ನಿ, ಧಾರಿಣಿಯ ಹಾಗೆ ಮುಖ ನೋಡಿಕೊಂಡು ಹೇಳಿ ಎಂದು ಕೂಗಬೇಕೆನಿಸಿತು. “ನಿಮ್ಗೆ ಎಷ್ಟು ಅನ್ಸುತ್ತೋ ಅಷ್ಟು ಬರೀರಿ,” ಅಂದಳು.

“ಅನ್ಸೋದಕ್ಕೆ ಕಾಲಂ ಇಲ್ಲ ಶೈಲಾ,” ಅಂದ ಅವನು. “ಇಲ್ಲಿ ದರ, ಅವಧಿ, ಅಷ್ಟೇ ಇರೋದು.”

ಅವಳು ತರಕಾರಿ ಚೀಲವನ್ನು ಎದೆಗವಚಿಕೊಂಡೇ ನಿಂತಿದ್ದಳು. ಅವನು ತಾನೇ ಲೆಕ್ಕ ಹಾಕಿ ಎರಡು ಸಾವಿರದ ಇನ್ನೂರು ಎಂದು ಬರೆದ. ಬರೆದ ಮೇಲೆ ಬೆರಳು ತಡೆದು, “ಎಲ್-ಒನ್ ಆದ್ಮೇಲೆ ಅವ್ರು ಇನ್ನೂ ಇಳಿಸು ಅಂತಾರೆ ಅಲ್ವಾ? ಅನೀಶ್ ಹತ್ರ ನೀನು ಇಳಿಸಿದ್ಯಲ್ಲ, ಹಾಗೆ. ಆಗ ಹೂಂ ಅಂದ್ಬಿಡೋದಾ?” ಅಂದ.

ಶೈಲಜಾ ತಲೆಯಾಡಿಸಿದಳು. ಹೌದು ಎಂದೋ ಬೇಡ ಎಂದೋ ಅವಳಿಗೇ ಗೊತ್ತಾಗಲಿಲ್ಲ. ಅವನು ಹೌದು ಎಂದುಕೊಂಡ.

ಅವನು ಅಂದ ಹಾಗೇ ಆಯಿತು. ಅವರು ಊಟಕ್ಕೆ ಕೂತಾಗ ಅತ್ತಲಿಂದ ಸಂದೇಶ ಬಂತು, ಸಾವಿರದ ಎಂಟುನೂರಕ್ಕೆ ಆಗುತ್ತದೆಯೇ ಎಂದು. ಕೈ ತಟ್ಟೆಯಲ್ಲಿ, ಬಾಯಲ್ಲಿ ಅನ್ನ. ಸೋಮಶೇಖರ ಎಡಗೈಯಲ್ಲೇ ಹೂಂ ಎಂದು ಒತ್ತಿದ.

“ಅಪ್ಪಂಗೆ ಕಾಮ್ ಮಿಲ್ ಗಯಾ!” ಪ್ರೇರಣಾ ಚಪ್ಪಾಳೆ ತಟ್ಟಿದಳು. ಅವನು ಸಣ್ಣಗೆ ನಕ್ಕ. ಹನ್ನೊಂದು ತಿಂಗಳ ಮೇಲೆ ಮೊದಲ ಸಂಪಾದನೆ.

ಶೈಲಜಾ ತುಪ್ಪ ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದಳು. ಬೇಡವೆಂದರೂ ತಲೆ ಭಾಗಾಕಾರ ಮಾಡಿಬಿಟ್ಟಿತ್ತು: ಚಿತ್ರಕ್ಕೆ ಮೂವತ್ತು ರೂಪಾಯಿ. ಒಲೆಯ ಕಟ್ಟೆ ಹಿಡಿದುಕೊಂಡು, ಅಳುವಿನ ಸದ್ದು ಹೊರಗೆ ಕೇಳದಿರಲೆಂದು ನಲ್ಲಿ ತಿರುಗಿಸಿದಳು. ಎಲ್ಲವೂ ಕ್ರಮಬದ್ಧವಾಗಿತ್ತು. ಅವಳನ್ನು ಯಾರೂ ಏನೂ ಕೇಳುವಂತಿರಲಿಲ್ಲ.